ಮಣ್ಣು ಮುಟ್ತಾನೆ ಸರ್

"ಸರ್, ಇನ್ನೊಂದು ಕಂಪ್ಲೇಂಟ್ ಇದೆ. ಮಣ್ಣು ಮುಟ್ತಾನೆ."

ಶನಿವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಗನ ಕ್ಲಾಸ್ ಮಿಸ್ ಹೇಳಿದ್ದು. ಅದೂ ಹೇಗೆ, ಸ್ವಲ್ಪ ಮುಂದಕ್ಕೆ ಬಾಗಿ, ದನಿ ತಗ್ಗಿಸಿ. ಮಗ್ಗಿ ಬರಲ್ಲ, ಅಕ್ಷರ ದುಂಡಗಿಲ್ಲ ಅನ್ನುವುದನ್ನೆಲ್ಲ ಹಿಂದೆ ನಿಂತವರಿಗೂ ಕೇಳುವ ಹಾಗೆ ಜೋರಾಗಿಯೇ ಹೇಳಿ ಮುಗಿಸಿದ್ದರು. ಇದೊಂದು ಮಾತ್ರ ಗುಟ್ಟಾಗಿ. ಯಾರದ್ದಾದರೂ ಬ್ಯಾಗಿಗೆ ಕೈ ಹಾಕಿದನೇನೋ ಅಂತ ನನಗೆ ಒಂದು ಸಲ ಎದೆ ಧಸಕ್ಕೆಂದಿತ್ತು.

"ಮಣ್ಣು ಅಂದ್ರೆ?" ಎಂದೆ. ಪೆದ್ದು ಪ್ರಶ್ನೆ, ಗೊತ್ತು.

"ಮಣ್ಣು ಸರ್. ನೆಲದಲ್ಲಿರುತ್ತಲ್ಲ."

ಬ್ರೇಕ್ ಟೈಮಲ್ಲಿ ಆರು ಮಕ್ಕಳು ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದರಂತೆ. ನನ್ನ ಮಗನೇ ಲೀಡರ್ ಅಂತೆ. ಒಬ್ಬಳ ಬಿಳಿ ಸಾಕ್ಸ್ ಪೂರ್ತಿ ಕೆಂಪಾಗಿ, ಸಂಜೆ ಅವಳಮ್ಮ ಫೋನ್ ಮಾಡಿ ಹತ್ತು ನಿಮಿಷ ಕೂಗಾಡಿದ್ದಾರೆ. "ಹೇಳ್ತೀನಿ ಮಿಸ್" ಅಂತ ತಲೆ ಆಡಿಸಿ ಎದ್ದು ಬಂದೆ. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಎರಡನೇ ಕ್ಲಾಸಿನ ಮೂವತ್ತೆಂಟು ಮಕ್ಕಳನ್ನು ಒಬ್ಬರೇ ಸಂಭಾಳಿಸಬೇಕು, ಜೊತೆಗೆ ನಮ್ಮಂಥ ಅಪ್ಪ ಅಮ್ಮಂದಿರನ್ನೂ. ಸಿಟ್ಟಿರುವುದು ಆ ಸಾಕ್ಸಿನ ತಾಯಿಯ ಮೇಲೆ. ಅದು ಯಾಕೆ ಸರಿಯಲ್ಲ ಅಂತ ಮುಂದೆ ಹೇಳುತ್ತೇನೆ.

ಹೊರಗೆ ಬಂದವನು ಮಗನನ್ನು ಕೇಳಿದೆ, ಎಲ್ಲೋ ಅದು ಮಣ್ಣು? ನಿಜವಾಗಿಯೂ ಕುತೂಹಲ. ಯಾಕೆಂದರೆ ಆ ಶಾಲೆಯಲ್ಲಿ ಮಣ್ಣೇ ಇಲ್ಲ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್. ಆಟಕ್ಕೆ ಅಂತ ಮೇಲೆ ಟೆರೇಸಿನಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ, ಹನ್ನೊಂದು ಗಂಟೆಯ ಬಿಸಿಲಿಗೆ ಅದು ಕಾದ ಹೆಂಚು. ವಾರಕ್ಕೆ ಎರಡು ಪಿಟಿ ಪಿರಿಯಡ್. ಅದರಲ್ಲಿ ಒಂದನ್ನು ಹೇಗೂ ಮ್ಯಾಥ್ಸ್ ಮಿಸ್ ತಗೊಂಡಿರುತ್ತಾರೆ.

ಅವನು ಕೈ ಹಿಡಿದು ಎಳೆದುಕೊಂಡು ಹೋದ. ಮೆಟ್ಟಿಲ ಕೆಳಗೆ, ಗೋಡೆಯ ಪಕ್ಕ, ಮೂರಡಿ ಅಗಲದ ಒಂದು ಪಟ್ಟಿ. ಟೈಲ್ಸ್ ಸಾಲದೆ ಬಿಟ್ಟಿರಬೇಕು. ಮಳೆ ಬೀಳದ ಜಾಗ, ಹಿಟ್ಟಿನಂಥ ಒಣ ಧೂಳು. ಅದರಲ್ಲಿ ಇಪ್ಪತ್ತು ಇಪ್ಪತ್ತೈದು ಪುಟ್ಟ ಗುಂಡಿಗಳು, ಎಣ್ಣೆ ಸುರಿಯುವ ಆಲಿಕೆಯನ್ನು ಮಣ್ಣಿಗೆ ಒತ್ತಿ ತೆಗೆದ ಹಾಗೆ. ನೋಡಿದ ಕೂಡಲೇ ಗೊತ್ತಾಯಿತು. ಬೇಸಿಗೆ ರಜೆಯಲ್ಲಿ ತಿಪಟೂರಿನ ಹತ್ತಿರ ನಮ್ಮೂರ ಮನೆಯ ಸೂರಿನ ಕೆಳಗೆ ಇವನಿಗೆ ನಾನೇ ತೋರಿಸಿದ್ದೆ. ಒಳಗೆ ಅಡಗಿ ಕೂತಿರುವ ಹುಳಕ್ಕೆ ಮಗ ಗುಂಡಿ ಹುಳ ಅಂತಾನೆ.

"ಅಪ್ಪಾ, ಉಸಿರು ಬಿಡ್ಬೇಡ, ಕುಸಿಯತ್ತೆ."

ಒಂದು ಇರುವೆ ತಂದು ಅಂಚಿಗೆ ಬಿಟ್ಟ. ಅದು ಜಾರಿತು. ಹತ್ತಲು ನೋಡಿತು, ಕಾಲ ಕೆಳಗಿನ ಕಾಳು ಮಣ್ಣು ಉರುಳಿ ಮತ್ತೆ ಜಾರಿತು. ತಳದಿಂದ ಚಿಟಿಕೆ ಮಣ್ಣು ಮೇಲಕ್ಕೆ ಹಾರಿತು, ಇನ್ನೊಮ್ಮೆ ಹಾರಿತು. ಹುಳ ಕಾಣುವುದಿಲ್ಲ, ಎಸೆಯುವುದು ಮಾತ್ರ ಕಾಣುತ್ತದೆ. ಆಮೇಲೆ ಇರುವೆಯ ಅರ್ಧ ಮೈ ಮಣ್ಣೊಳಗೆ. ಆಮೇಲೆ ಇರುವೆಯೇ ಇಲ್ಲ.

ಅವನಿಗೆ ಗೊತ್ತಿರುವುದು ಒಂದೆರಡಲ್ಲ. ಕೈಯಲ್ಲಿಟ್ಟರೆ ಹುಳ ಹಿಂದು ಹಿಂದಕ್ಕೇ ನಡೆಯುತ್ತದೆ. ಮಣ್ಣು ಒದ್ದೆಯಾದರೆ ಗುಂಡಿ ತೋಡುವುದಿಲ್ಲ. ದೊಡ್ಡ ಹುಳಕ್ಕೆ ದೊಡ್ಡ ಗುಂಡಿ. ಮುಂದೆ ಅದಕ್ಕೆ ರೆಕ್ಕೆ ಬಂದು ಏರೋಪ್ಲೇನ್ ಚಿಟ್ಟೆಯ ಥರ ಆಗುತ್ತದೆ ಅನ್ನುವುದೊಂದನ್ನೇ ನಾನು ಹೇಳಿದ್ದು, ಉಳಿದದ್ದೆಲ್ಲ ಕೂತು ನೋಡಿ ಕಲಿತದ್ದು. ಅದನ್ನು ಐದು ಮಕ್ಕಳಿಗೆ ಕಲಿಸಿಯೂ ಇದ್ದಾನೆ. ಮಗ್ಗಿ ಬರದವನು.

ಮಣ್ಣು ಮುಟ್ತಾನೆ ಸರ್.

ಈಗ ಸಾಕ್ಸಿನ ವಿಷಯ. ಹೋದ ವರ್ಷ ಜೂನ್‌ವರೆಗೂ ಆ ಅಂಗಳ ಮಣ್ಣಿನದೇ ಆಗಿತ್ತು. ಮಳೆ ಬಂತು, ಕೆಸರಾಯಿತು, ಪೇರೆಂಟ್ಸ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಗಲಾಟೆ ಶುರುವಾಯಿತು. ಟೈಲ್ಸ್ ಹಾಕಿಸಿ ಅಂತ ಎಲ್ಲರೂ ಸೇರಿ ಕೇಳೋಣವೇ ಅಂತ ಯಾರೋ ವೋಟಿಗೆ ಇಟ್ಟರು. ನಾನು ಆಫೀಸ್ ಕ್ಯಾಬಿನಲ್ಲಿ ಕೂತು, ಪೂರ್ತಿ ಓದದೆ, ಹೆಬ್ಬೆಟ್ಟು ಒತ್ತಿದೆ. ಆ ವಾರ ಬಿಳಿ ಶೂ ತೊಳೆಯುವ ಸರದಿ ನನ್ನದಾಗಿತ್ತು ಅನ್ನುವುದು ಬಿಟ್ಟರೆ ಬೇರೆ ಕಾರಣವಿಲ್ಲ. ಬೇಡ ಅಂದವರು ಒಬ್ಬರೇ. ಅವರದ್ದು ಯಾವಾಗಲೂ ಏನಾದರೊಂದು ತಕರಾರು ಅಂತ ನಾನೂ ನನ್ನ ಹೆಂಡತಿಯೂ ಆಡಿಕೊಂಡಿದ್ದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಗೆ ಆಟದ ಮೈದಾನ ಇರಲೇಬೇಕು ಅಂತಿದೆ. ಎಷ್ಟು ದೊಡ್ಡದು ಅಂತಿಲ್ಲ, ಮಣ್ಣಿರಬೇಕು ಅಂತಲೂ ಇಲ್ಲ. ಆ ಮಣ್ಣು ಮುಚ್ಚಿಸಿದ್ದು ಶಾಲೆಯಲ್ಲ, ನಾವು.

ತಮಾಷೆ ಅಂದರೆ, ಟೈಲ್ಸ್ ಬಂದ ಆರು ತಿಂಗಳಿಗೆ ಮಗನಿಗೆ ಕನ್ನಡಕ ಬಂತು. ಅದಕ್ಕೂ ಇದಕ್ಕೂ ನಂಟು ಹಾಕುತ್ತಿಲ್ಲ, ಮೊಬೈಲ್ ಕೊಟ್ಟಿದ್ದೂ ನಾವೇ. ಆದರೆ ಕಣ್ಣಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಟ. ತೈವಾನ್‌ನಲ್ಲಿ 2010ರಿಂದ ಪ್ರೈಮರಿ ಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಲ್ಲಿ ಬಿಡುವ ಕಾರ್ಯಕ್ರಮವೇ ಇದೆಯಂತೆ. ಅಲ್ಲಿ ಸರ್ಕಾರ ಕಳಿಸುತ್ತದೆ, ಇಲ್ಲಿ ನಾನು ಮೆಡಿಕಲ್ ಶಾಪಿಗೆ ಕೊಡುವ ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಊರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಸಣ್ಣ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು, ಏಣಿ ಹತ್ತಿದ ಹಾಗೆ ಒಂದೊಂದೇ ಹಂತ ಆಡುತ್ತಾ ಕಲಿಯುವ ಪದ್ಧತಿ ಅದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಶುರು ಮಾಡಿದ್ದು, 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದ್ದು. ಆ ಕಾರ್ಡು, ಆ ಏಣಿ, ತುಂಬಬೇಕಾದ ದಾಖಲೆ ಎಲ್ಲವನ್ನೂ ಬೈಯುತ್ತಲೇ ಇರುತ್ತಾಳೆ, ಬಿಟ್ಟು ಕೊಡುವುದೂ ಇಲ್ಲ. ಮೂರನೇ ಶನಿವಾರ ಅಲ್ವಾ, ಅವಳಿಗೆ ಅವತ್ತು ಬ್ಯಾಗಿಲ್ಲದ ದಿನ. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು, ಮನೆಗೊಂದರಂತೆ ಮೂರು, ಆರು, ಒಂಬತ್ತು ಹಾಕಿ ಕುಂಟಿಸಿದ್ದಳಂತೆ. ಗೆರೆ ತುಳಿದರೂ ಔಟ್, ಸಂಖ್ಯೆ ತಪ್ಪು ಕೂಗಿದರೂ ಔಟ್.

ನನಗೆ ಹುರುಪು ಬಂತು. ನಮ್ಮ ಕಾಲದ ಶಾಲೆ, ಹುಣಸೆ ಮರ, ಮರಕೋತಿಯಾಟ, ಲಗೋರಿ ಅಂತ ಶುರು ಹಚ್ಚಿಕೊಂಡೆ. ಎರಡು ನಿಮಿಷ ಕೇಳಿದಳು.

"ಲೋ, ಮರಕೋತಿ ಆಡಿದ್ದು ನೀನು. ಆ ಅಂಗಳ ದಿನಾ ಗುಡಿಸ್ತಿದ್ದಿದ್ದು ನಾವು ಹುಡ್ಗೀರು. ನೀರು ಚಿಮುಕಿಸಿ, ಕಸ ಎತ್ತಿ ಮುಗಿಸೋ ಹೊತ್ತಿಗೆ ಬೆಲ್ ಹೊಡೀತಿತ್ತು. ನಂಗೆ ಕುಂಟೆಬಿಲ್ಲೆ ಸರಿಯಾಗಿ ಬಂದಿದ್ದೇ ಟೀಚರ್ ಆದ್ಮೇಲೆ ಕಣೋ."

ಅದೇ ಶಾಲೆ, ಅದೇ ಅಂಗಳ. ನಾನಂತೂ ಇದನ್ನು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ವರ್ಷ 'ನಮ್ಮ ಬಾಲ್ಯ' ಅಂತ ಕಂಡಕಂಡಲ್ಲಿ ಹೇಳಿಕೊಂಡು ಬಂದಿದ್ದು ಅರ್ಧ ಕ್ಲಾಸಿನ ಬಾಲ್ಯ. ಈಗ ಅವಳ ಅಂಗಳ ಅರ್ಧ ಎಕರೆ, ಮಕ್ಕಳು ಹದಿನಾಲ್ಕು. ಉಳಿದವರೆಲ್ಲ ಹಳದಿ ವ್ಯಾನ್ ಹತ್ತಿ ತಿಪಟೂರಿಗೆ ಹೋಗುತ್ತಾರೆ. ಅಲ್ಲೂ ಟೈಲ್ಸ್ ಇದೆಯಂತೆ.

ಸೋಮವಾರ ಸಂಜೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ರೀ, ಬನ್ನಿ ಇಲ್ಲಿ. ನಿಮ್ಮ ಮಗನ ಟಿಫಿನ್ ಬಾಕ್ಸ್ ನೋಡಿ." ಒಳಗೆ ಮುಕ್ಕಾಲು ಬಾಕ್ಸ್ ಧೂಳು. ಆ ಪಟ್ಟಿಗೂ ಸಿಮೆಂಟ್ ಹಾಕ್ತಾರೆ ಅಂತ ಆಯಾ ಹೇಳಿದ್ದರಂತೆ, ಅದಕ್ಕೇ ಒಂದು ಹುಳವನ್ನು ಮನೆಗೆ ಕರೆತಂದಿದ್ದಾನೆ. ಮಿಸ್ಸಿಗೆ ಕೊಟ್ಟ ಮಾತಿನ ಪ್ರಕಾರ ನಾನು ಬೈಯಬೇಕಿತ್ತು. ಬಾಲ್ಕನಿಯಲ್ಲಿ ತುಳಸಿ ಒಣಗಿದ ಕುಂಡ ಇತ್ತು. ಅದರ ಹಳೆ ಮಣ್ಣು ಹೊರಗೆ ಸುರಿದು ಈ ಧೂಳನ್ನು ತುಂಬಿಸಿದೆವು.

ಬೆಳಿಗ್ಗೆ ನೋಡಿದರೆ ನಟ್ಟನಡುವೆ ಒಂದು ಗುಂಡಿ. ಕಡಲೆಕಾಳು ಹಿಡಿಯುವಷ್ಟು, ಅಂಚು ಒಂಚೂರೂ ಕದಲಿಲ್ಲ.

ಕಷ್ಟ ಶುರುವಾಗಿದ್ದು ಆಮೇಲೆ. ಅದಕ್ಕೆ ಇರುವೆ ಬೇಕು. ನಮ್ಮದು ಮೂರನೇ ಮಹಡಿ. ಯುಗಾದಿಗೆ ಮನೆ ಕ್ಲೀನ್ ಮಾಡುವಾಗ ಮೂಲೆಮೂಲೆಗೂ ಲಕ್ಷ್ಮಣರೇಖೆ ಚಾಕ್ ಎಳೆದವನು ನಾನೇ, ತಿಂಗಳಿಗೊಮ್ಮೆ ಮತ್ತೆ ಎಳೆಯುವವನೂ ನಾನೇ. ಇವತ್ತು ಬುಧವಾರ. ಮಗ ಸ್ಕೂಲಿಂದ ಬಂದವನೇ ಹೊಸ್ತಿಲ ಹತ್ತಿರ ಒಂದು ಚಮಚ ಸಕ್ಕರೆ ಸುರಿದುಕೊಂಡು ಕೂತಿದ್ದಾನೆ. ಇನ್ನೂ ಒಂದೂ ಬಂದಿಲ್ಲ.