ಕೊಂಡ ದರ ಬರುವವರೆಗೆ ಪ್ಲಾಟ್ ಇಟ್ಟುಕೊಳ್ಳಬೇಕೆ?

ವಿಜಯಪುರದಲ್ಲಿ ಲೆಕ್ಕಪತ್ರ ನೋಡುವ ನನ್ನ ಕಚೇರಿಗೆ ಬರುವವರು ತೆರಿಗೆಯ ಮಾತು ಮುಗಿಸಿ ಏಳುವ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಪ್ಲಾಟಿಗೆ ಹಾಕಿದ ರೊಕ್ಕಾನೂ ಬರವಲ್ದರಿ, ಮಾರಲೋ, ತಡೀಲೋ?’ ಹೆಚ್ಚಿನವರಿಗೆ ನಾನು ಹೇಳುವುದು ‘ಮಾರಿಬಿಡಿ’ ಎಂದು. ಅದು ಯಾರಿಗೂ ರುಚಿಸುವುದಿಲ್ಲ.

ಈಚೆಗೆ ಬಂದ ಶಿಕ್ಷಕರೊಬ್ಬರು ಉತಾರ, ಖರೀದಿ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಬುರಣಾಪುರದ ವಿಮಾನ ನಿಲ್ದಾಣದ ಮಾತು ಜೋರಾಗಿದ್ದ ದಿನಗಳಲ್ಲಿ, 6 ವರ್ಷಗಳ ಹಿಂದೆ, 9 ಲಕ್ಷಕ್ಕೆ ಕೊಂಡ 30×40ರ ಎನ್‌.ಎ. (ಕೃಷಿಯೇತರ) ಪ್ಲಾಟ್ ಅದು. ಈಗ ಗಿರಾಕಿ 8 ಲಕ್ಷಕ್ಕೆ ನಿಂತಿದ್ದಾನೆ. ‘9 ಬಂದ್ರ ಸಾಕ್ರಿ ಸರ, ಒಂದ್ ದಿನಾನೂ ಇಟ್ಕೊಳ್ಳಂಗಿಲ್ಲ’ ಎಂದರು. ಅದೇ 9 ಲಕ್ಷ ಶೇ. 7ರ ಬಡ್ಡಿಗೆ ಠೇವಣಿಯಲ್ಲಿದ್ದಿದ್ದರೆ ಇಷ್ಟೊತ್ತಿಗೆ ಸುಮಾರು 13.5 ಲಕ್ಷವಾಗಿರುತ್ತಿತ್ತು. ಅಂದಮೇಲೆ 9ಕ್ಕೆ ಮಾರಿದರೂ ಅವರಿಗೆ ನಷ್ಟವೇ. ಆದರೆ ಆ ನಷ್ಟ ಕಣ್ಣಿಗೆ ಕಾಣುವುದಿಲ್ಲ, 8ಕ್ಕೆ ಮಾರಿದರೆ ಕಾಣುತ್ತದೆ.

ಗಳಿಕೆಯಿಂದ ಆಗುವ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದಿಂದ ಆಗುವ ನೋವು ಹೆಚ್ಚು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿಯೇ ವಿವರಿಸಿದ್ದರು. ಬೋಸ್ಟನ್ ನಗರದ ಫ್ಲ್ಯಾಟ್ ಮಾರಾಟಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ, ಕೊಂಡ ದರಕ್ಕಿಂತ ಕೆಳಗಿಳಿಯಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚಿನ ದರ ಹೇಳಿ, ಗಿರಾಕಿಗಾಗಿ ಹೆಚ್ಚು ಕಾಲ ಕಾದದ್ದು ಕಂಡುಬಂದಿದೆ. ನಮ್ಮಲ್ಲಿ ಇದಕ್ಕೆ ‘ಲುಕ್ಸಾನಿಗೆ ಮಾರಿದ ಅಂತ ಮಂದಿ ನಗ್ತಾರ’ ಎಂಬ ಅಂಜಿಕೆಯೂ ಸೇರಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಬೀಗರ ಮುಂದೆ ಮುಖ ಉಳಿಸಿಕೊಳ್ಳಲಿಕ್ಕಾಗಿಯೇ ಉಳಿದುಕೊಂಡ ಪ್ಲಾಟುಗಳು ಕಡಿಮೆಯಿಲ್ಲ.

ವಿಚಿತ್ರವೆಂದರೆ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಈ ವಿಷಯದಲ್ಲಿ ನೌಕರಿಯವರಿಗಿಂತ ಜಾಣರು. ಹೋದ ವರ್ಷದ ದರ ಮತ್ತೆ ಬರಲೆಂದು ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಅವರೂ ಕಾಯುತ್ತಾರೆ, ಆದರೆ ಬಾಡಿಗೆ ಏರುತ್ತಾ ಹೋಗುವುದನ್ನು ಕಂಡು ಒಂದು ಹಂತಕ್ಕೆ ಮಾಲು ಬಿಟ್ಟುಬಿಡುತ್ತಾರೆ. ಪ್ಲಾಟ್ ಬಾಡಿಗೆ ಕೇಳುವುದಿಲ್ಲ. ಅದಕ್ಕೇ ವರ್ಷಗಟ್ಟಲೆ ಜಾಲಿ ಬೆಳೆಸಿಕೊಂಡು ಬಿದ್ದಿರುತ್ತದೆ. ಶಿಕ್ಷಕರ ಪ್ಲಾಟಿನ ಬಾಡಿಗೆಯನ್ನು ನಾನೇ ಲೆಕ್ಕ ಹಾಕಿ ತೋರಿಸಿದೆ: ಮಗನ ಇಂಜಿನಿಯರಿಂಗಿಗೆಂದು ಶೇ. 13ರ ಬಡ್ಡಿಗೆ ತೆಗೆದ 4 ಲಕ್ಷದ ಸಾಲವನ್ನು ಪ್ಲಾಟಿನ ಹಣದಿಂದ ತೀರಿಸಿದರೆ ವರ್ಷಕ್ಕೆ 52,000 ರೂಪಾಯಿ ಉಳಿಯುತ್ತದೆ. ಒಂದು ಲಕ್ಷದ ‘ಲುಕ್ಸಾನ’ ಎರಡು ವರ್ಷದ ಬಡ್ಡಿಯಲ್ಲಿಯೇ ತುಂಬಿಬರುತ್ತದೆ. ಇನ್ನು, ಭೂಮಿಯ ಮಾರಾಟದಲ್ಲಾದ ದೀರ್ಘಾವಧಿ ನಷ್ಟವನ್ನು ರಿಟರ್ನಿನಲ್ಲಿ ಸಕಾಲಕ್ಕೆ ತೋರಿಸಿದರೆ, ಮುಂದಿನ 8 ವರ್ಷಗಳವರೆಗೆ ಅಂಥದೇ ಲಾಭದಿಂದ ಕಳೆಯಲು ಅವಕಾಶವೂ ಇದೆ.

ಮನೆ ಕಟ್ಟುವ ವಿಚಾರವಿದ್ದು, ಮೈಮೇಲೆ ಸಾಲವಿಲ್ಲದಿದ್ದರೆ ಮಾತು ಬೇರೆ. ಅಂಥವರು ದರದ ಚಿಂತೆಯನ್ನೇ ಬಿಡಬಹುದು. ಉಳಿದವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ಇವತ್ತು ನಿಮ್ಮ ಕೈಯಲ್ಲಿ 8 ಲಕ್ಷ ನಗದು ಇದ್ದರೆ ಇದೇ ಪ್ಲಾಟನ್ನು ಕೊಳ್ಳುತ್ತಿದ್ದಿರಾ? ಶಿಕ್ಷಕರು ನಕ್ಕು, ‘ಹುಚ್ಚ ಏನ್ರಿ ಸರ, ಅಲ್ಲಿ ಇನ್ನೂ ಗಟಾರ ಸೈತ ಆಗಿಲ್ಲ’ ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ ಸುಮ್ಮನಾಗಿ ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಸೇರಿಸಿಕೊಂಡರು.