ಗೌರಿ ಯಾವಾಗ ದನ ಆಯ್ತು?

16 ಜನವರಿ 2024, ಮಂಗಳವಾರ

ನಿನ್ನೆ ಸಂಜೆ ಕಿಚ್ಚು ಹಾಯಿಸಿದ ಸುಸ್ತು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಅಪ್ಪ ಫೋನಿನಲ್ಲಿ ಮಾವನಿಗೆ, "ಆ ದನ ಇಟ್ಕೊಂಡು ಏನ್ ಮಾಡೋದು" ಅಂತಿದ್ದರು. ಒಳಗಿದ್ದ ಅತ್ತಿಗೆ ಓಡಿ ಬಂದರು. "ಯಾವ ದನ? ಹಾಲು ಎಷ್ಟು ಕೊಡುತ್ತೆ?"

ಅತ್ತಿಗೆ ಕುಂದಾಪುರದವರು. ಅವರ ಕಡೆ ದನ ಅಂದರೆ ಹಸುವೇ. ಎಲ್ಲ ಸೇರಿಸಿ ಹೇಳಬೇಕಾದರೆ ಗಂಟಿ. ನಮ್ಮ ಚನ್ನರಾಯಪಟ್ಟಣದ ಕಡೆ ಎತ್ತು, ಹಸು, ಕರು ಎಲ್ಲವೂ ದನ. ಎಮ್ಮೆ ಮಾತ್ರ ಹೊರಗೆ, ಅದಕ್ಕೇ "ದನ ಎಮ್ಮೆ" ಅಂತ ಜೋಡಿಸಿ ಹೇಳುತ್ತೇವೆ. ಸರ್ಕಾರದ ಲೆಕ್ಕ ಇನ್ನೊಂದು. 2020ರ ಗೋಹತ್ಯೆ ತಡೆ ಕಾಯ್ದೆಯ ಜಾನುವಾರು ಪಟ್ಟಿಯಲ್ಲಿ 13 ವರ್ಷ ತುಂಬದ ಎಮ್ಮೆ, ಕೋಣವೂ ಸೇರಿವೆ. ಮದುವೆಯಾದ ಹೊಸದರಲ್ಲಿ ಅತ್ತಿಗೆ "ಹಟ್ಟಿ ಗುಡಿಸಿ ಬಂದೆ" ಅಂದಾಗ ಅಜ್ಜಿ ಗಾಬರಿಯಾಗಿದ್ದರು. ನಮಗೆ ಹಟ್ಟಿ ಅಂದರೆ ಊರು, ಅವರಿಗೆ ಕೊಟ್ಟಿಗೆ!

ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಅಪ್ಪನ ಮಾತೇ ಬದಲಾಗುತ್ತೆ. ಅಲ್ಲಿ ಎಲ್ಲವೂ ರಾಸು. ರಾಸು ಅಂದರೆ ಅರಬ್ಬಿಯಲ್ಲಿ ತಲೆಯಂತೆ, ತಲೆ ಎಣಿಸುವ ಲೆಕ್ಕ. ವಯಸ್ಸು ಯಾರೂ ಕೇಳಲ್ಲ, "ಎಷ್ಟು ಹಲ್ಲು?" ಅಂತಾರೆ. ಹಾಲುಹಲ್ಲು ಬಿದ್ದು ಬರುವ ಹಲ್ಲಿನ ಲೆಕ್ಕ ಇದು, ಎರಡು ಹಲ್ಲು ಅಂದರೆ ಹೆಚ್ಚುಕಮ್ಮಿ ಎರಡು ವರ್ಷ. ನಾಲ್ಕು ದಾಟಿ ಎಂಟೂ ಬಂದರೆ ಬಾಯಿಗೂಡಿತು. ಆಮೇಲೆ ಹಲ್ಲು ಸವೆದಿದ್ದು ನೋಡಿ ಅಂದಾಜು ಮಾಡಬೇಕು. ಬೀಜ ಒಡೆಸುವ ತನಕ ಹೋರಿ, ಒಡೆಸಿದ ಮೇಲೆ ಎತ್ತು. ಬೆಲೆಯಂತೂ ಬಾಯಲ್ಲಿ ಬರುವುದೇ ಇಲ್ಲ, ಟವೆಲ್ ಕೆಳಗೆ ಬೆರಳಲ್ಲೇ ಮುಗಿಯುತ್ತೆ. ಚಿಕ್ಕವನಿದ್ದಾಗ ಆ ಟವೆಲ್ ಒಳಗೆ ಇಣುಕಲು ಹೋಗಿ ಬೈಸಿಕೊಳ್ಳುತ್ತಿದ್ದೆ.

ಆದರೆ ನನಗೆ ಚುಚ್ಚಿದ್ದು ಬೇರೆ. ಅಪ್ಪ ಹೇಳಿದ "ಆ ದನ" ನಮ್ಮ ಗೌರಿ. ಹುಟ್ಟಿದಾಗ ಹೆಣ್ಗರು, ಆಮೇಲೆ ಕಡಸು, ಚೊಚ್ಚಲು ಈದ ಮೇಲೆ ಹಸು. ಡೇರಿಗೆ ಹಾಲು ಹಾಕುವಷ್ಟು ದಿನ ಅಪ್ಪನ ಬಾಯಲ್ಲೂ "ನಮ್ಮ ಹಸು" ಆಗಿತ್ತು. ಈಗ ಸುಮ್ನೆ ದನ.

ಮಧ್ಯಾಹ್ನ ಪಕ್ಕದ ಮನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಗೊಡ್ಡು ಕಟ್ಕೊಂಡು ಹುಲ್ಲು ದಂಡ" ಅಂದರು. ಅಮ್ಮ ಮೊರ ಕೆಳಗಿಟ್ಟರು.

"ಐದು ಕರು ಹಾಕಿದೆ ಅದು. ಗೊಡ್ಡು ಅಂದ್ರೆ ಈಯದೇ ಇರೋದು. ಇದು ಹಾಲು ಬತ್ತಿರೋದು ಅಷ್ಟೆ. ನನಗೂ ಮಕ್ಕಳಾಗೋ ವಯಸ್ಸು ದಾಟಿದೆ, ನನ್ನನ್ನೂ ಹಾಗೇ ಅಂತೀರಾ?"

ಅವರು ತೆಪ್ಪಗೆ ಎದ್ದು ಹೋದರು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನನಗೂ ಮೊದಲು ನಗು ಬಂತು, ಆಮೇಲೆ ಅಮ್ಮನ ಮುಖ ನೋಡಿದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಗೌರಿ ವಿಷಯ ಎತ್ತಲೇ ಇಲ್ಲ. ಈ ಸಲ ಮಳೆ ಕೈಕೊಟ್ಟಿದೆ, ಮೆದೆಯೂ ಚಿಕ್ಕದು. "ಹುಲ್ಲು ಯುಗಾದಿ ತನಕ ಬರುತ್ತಾ?" ಅಂತ ಕೇಳಿದರು. ಮೂರು ರಾಸಿಗಾದರೆ ಬರುತ್ತೆ. ನಾಲ್ಕು ಅಂದರೆ...