ಹಿಮ್ಮಡಿಯ ಹನಿ ರಕ್ತ, ಒಳಲೆಯ ಹನಿ ಹಾಲು

ಕುಮಟಾ
ಆಗಸ್ಟ್ 5, 2023, ಶನಿವಾರ

ರಾತ್ರಿ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಹತ್ತಲಿಲ್ಲ. ಎದೆಹಾಲಿನ ಸಪ್ತಾಹ ನಡೆಯುತ್ತಿದೆ, ವಾರ್ಡಿನ ಗೋಡೆ ತುಂಬಾ ಪೋಸ್ಟರ್. ಆದರೆ ಬಾಣಂತಿಯರು, ಅವರ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಇಲ್ಲ. "ಇಷ್ಟು ಸಣ್ಣ ಕೂಸಿಗೆ ಶುಗರ್ ಟೆಸ್ಟ್ ಎಂತಕ್ಕೆ ಸಿಸ್ಟರ್?" ರಾತ್ರಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ, ಬಸಿರಿ ಇರುವ ಮನೆಯವರು ಯಾರಾದರೂ ಓದಲಿ.

ನಿನ್ನೆ ಸಂಜೆ ಹೆರಿಗೆಯಾದವಳಿಗೆ ಬಸಿರಲ್ಲಿ ಶುಗರ್ ಬಂದಿತ್ತು. ಕೂಸು 3 ಕಿಲೋ 900 ಗ್ರಾಂ. ಕೆನ್ನೆ ತುಂಬಿಕೊಂಡು ದುಂಡಗಿತ್ತು. "ಇಷ್ಟು ಗಟ್ಟಿ ಕೂಸು, ಇದಕ್ಕೆ ಎಂತಾ ತೊಂದರೆ?" ಅಂತ ಅಜ್ಜಿ ಕೇಳಿದರು. ದಪ್ಪ ಕೂಸು ಅಂದರೆ ಗಟ್ಟಿ ಕೂಸು ಅನ್ನುವುದು ನಮ್ಮ ಕಡೆ ಎಲ್ಲರ ಲೆಕ್ಕ. ಆದರೆ ನಿನ್ನೆ ವಾರ್ಡಿನಲ್ಲಿ ಇದ್ದ ಮಕ್ಕಳಲ್ಲಿ ನಾನು ಜಾಸ್ತಿ ಗಮನ ಕೊಟ್ಟಿದ್ದು ಇದೇ ಕೂಸಿಗೆ.

ಹೊಟ್ಟೆಯೊಳಗೆ ಇರುವಾಗ ಕೂಸಿಗೆ ಸಕ್ಕರೆಯ ಚಿಂತೆ ಇಲ್ಲ. ಮಾಸಿನ ಮೂಲಕ ತಾಯಿಯ ಗ್ಲೂಕೋಸ್ ಹಗಲು ರಾತ್ರಿ ಬರುತ್ತಲೇ ಇರುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ಮಾಸು ದಾಟುವುದಿಲ್ಲ, ಕೂಸು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ತಾಯಿಗೆ ಶುಗರ್ ಏರಿದರೆ ಕೂಸಿಗೂ ಜಾಸ್ತಿ ಗ್ಲೂಕೋಸ್ ಹೋಗುತ್ತದೆ. ಅದನ್ನು ಸಂಭಾಳಿಸಲು ಕೂಸಿನ ಮೈ ಜಾಸ್ತಿ ಇನ್ಸುಲಿನ್ ಮಾಡಿ ಮಾಡಿ ಅದಕ್ಕೇ ಒಗ್ಗಿಹೋಗುತ್ತದೆ. ಅಷ್ಟು ದಪ್ಪ ಆಗುವುದೂ ಅದರಿಂದಲೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಲ್ಲುತ್ತದೆ. ಇನ್ಸುಲಿನ್ ಅಷ್ಟು ಬೇಗ ನಿಲ್ಲುವುದಿಲ್ಲ. ಆಗ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ.

ಹಾಗಂತ ಇಳಿಯುವುದೇ ರೋಗ ಅಂತಲ್ಲ. ಎಲ್ಲ ಮಕ್ಕಳಿಗೂ ಇಳಿಯುತ್ತದೆ! ಹುಟ್ಟಿ ಒಂದೆರಡು ಗಂಟೆಯಲ್ಲಿ ತೀರಾ ಕೆಳಗೆ ಬರುತ್ತದೆ, ಆರೋಗ್ಯವಾಗಿರುವ ಕೂಸಿನಲ್ಲೂ ಡೆಸಿಲೀಟರಿಗೆ 30 ಮಿಲಿಗ್ರಾಂ ಹತ್ತಿರ ಹೋಗಬಹುದು. ಆಮೇಲೆ ತಾನಾಗಿಯೇ ಏರುತ್ತದೆ. ಎರಡು ಮೂರು ದಿನದಲ್ಲಿ ದೊಡ್ಡವರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹುಟ್ಟುವ ಹೊತ್ತಿಗೆ ಕೂಸಿನ ಮೈಯಲ್ಲಿ ಅಡ್ರಿನಲಿನ್, ಗ್ಲುಕಗಾನ್, ಕಾರ್ಟಿಸೋಲ್ ಜೋರಾಗಿ ಏರಿರುತ್ತವೆ. ಇನ್ಸುಲಿನ್ ತಗ್ಗುತ್ತದೆ. ಏರಿದ ಹಾರ್ಮೋನುಗಳು ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಿಸುತ್ತವೆ. ಮಳೆಗಾಲಕ್ಕೆ ಮುಂಚೆ ನಾವು ಅಕ್ಕಿ, ಕಟ್ಟಿಗೆ, ಒಣಮೀನು ಕೂಡಿಡುತ್ತೇವಲ್ಲ, ಕೂಸೂ ಹಾಗೆಯೇ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅದನ್ನು ಕೂಡಿಟ್ಟುಕೊಂಡಿರುತ್ತದೆ.

ಆ ದಾಸ್ತಾನು ಅರ್ಧ ದಿನಕ್ಕೆ ಖಾಲಿಯಾಗುತ್ತದೆ. ಅಷ್ಟರೊಳಗೆ ಲಿವರ್ ಲ್ಯಾಕ್ಟೇಟ್, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸ ಗ್ಲೂಕೋಸ್ ಮಾಡಲು ಕಲಿತಿರುತ್ತದೆ. ಕೊಬ್ಬು ಕರಗಿ ಕೀಟೋನ್ ಹುಟ್ಟುತ್ತದೆ, ಗ್ಲೂಕೋಸ್ ಸಾಲದಾಗ ಮಿದುಳು ಅದನ್ನೇ ಉರಿಸಿಕೊಳ್ಳುತ್ತದೆ. ನವಜಾತ ಶಿಶುವಿಗೆ ಮೈಗಿಂತ ತಲೆಯದೇ ಖರ್ಚು. ಕಿಲೋ ತೂಕಕ್ಕೆ ನಿಮಿಷಕ್ಕೆ 4ರಿಂದ 6 ಮಿಲಿಗ್ರಾಂ ಗ್ಲೂಕೋಸ್ ಬೇಕು, ದೊಡ್ಡವರಿಗೆ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು. ಇಷ್ಟನ್ನೂ ಹೊಂದಿಸುವ ಕೆಲಸವನ್ನು ಇನ್ನೂ ಕಣ್ಣು ಸರಿಯಾಗಿ ಬಿಡದ ಜೀವ ಮಾಡುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಇದರ ಬೆರಗು ಹೋಗಿಲ್ಲ.

ಶುಗರ್ ಇರುವ ತಾಯಿಯ ಕೂಸಿನಲ್ಲಿ ತೊಡಕಾಗುವುದು ಇಲ್ಲೇ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಗ್ಲೈಕೋಜನ್ ಸಲೀಸಾಗಿ ಒಡೆಯುವುದಿಲ್ಲ, ಕೊಬ್ಬೂ ಕರಗುವುದಿಲ್ಲ. ಗ್ಲೂಕೋಸೂ ಕಡಿಮೆ, ಕೀಟೋನೂ ಕಡಿಮೆ. ದಾಸ್ತಾನು ತುಂಬಿದ್ದರೂ ಕೈಗೆ ಸಿಗುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳದು, ತೂಕ ಕಡಿಮೆ ಇರುವ ಮಕ್ಕಳದು ಬೇರೆ ಕಥೆ, ಅವರಿಗೆ ದಾಸ್ತಾನೇ ಇರುವುದಿಲ್ಲ. ಹಾಗಾಗಿ ಈ ಮಕ್ಕಳಿಗೆ ಮಾತ್ರ ಲೆಕ್ಕ ಹಾಕಿ ಪರೀಕ್ಷೆ. ತಿಂಗಳು ತುಂಬಿ, ಸರಿಯಾದ ತೂಕದಲ್ಲಿ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುತ್ತಿರುವ ಕೂಸಿಗೆ ಸುಮ್ನೆ ಸೂಜಿ ಚುಚ್ಚುವುದಿಲ್ಲ.

ಆ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ್ದೆವು. ಎರಡು ಗಂಟೆ ಆಗುವಾಗ ಹಿಮ್ಮಡಿ ಹಿಡಿದೆ, ತಣ್ಣಗಿತ್ತು. ಅಂಗೈಯಲ್ಲಿ ಮುಚ್ಚಿಟ್ಟು ಬೆಚ್ಚಗಾಗಲು ಬಿಟ್ಟೆ. ನಟ್ಟನಡುವೆ ಚುಚ್ಚಬಾರದು, ಎಲುಬು ಹತ್ತಿರ ಇರುತ್ತದೆ, ಪಕ್ಕಕ್ಕೇ ಚುಚ್ಚಬೇಕು. ಸ್ಪಿರಿಟ್ ಒಣಗಿದ ಮೇಲೆ ಚುಚ್ಚಿ, ಮೊದಲ ಹನಿ ಒರೆಸಿ ಎರಡನೆಯದನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದೆ. 38 ಬಂತು. ನಾವು 45ರ ಮೇಲೆ ಇರಲಿ ಅಂತ ನೋಡುತ್ತೇವೆ. ಕೂಸು ನಡುಗುತ್ತಿರಲಿಲ್ಲ, ಅಳು ಜೋರಾಗಿತ್ತು, ಬಾಯಿ ಎದೆ ಹುಡುಕುತ್ತಿತ್ತು. ಡಾಕ್ಟರಿಗೆ ಹೇಳಿದೆ. ಮೊದಲು ಹಾಲು, ಒಂದು ತಾಸು ಬಿಟ್ಟು ಮತ್ತೆ ನೋಡೋಣ ಅಂದರು. ಗ್ಲುಕೋಮೀಟರ್ ಇಷ್ಟು ಕೆಳಗಿನ ಅಂಕಿಯಲ್ಲಿ ಪಕ್ಕಾ ಹೇಳುವುದಿಲ್ಲ ಅಂತ ಲ್ಯಾಬಿಗೂ ರಕ್ತ ಕಳಿಸಿದೆವು, ಆದರೆ ರಿಪೋರ್ಟಿಗೆ ಕಾಯುತ್ತಾ ಕೂರಲಿಲ್ಲ.

ಅಷ್ಟರಲ್ಲಿ ಅಜ್ಜಿ ಚೀಲದಿಂದ ಸಣ್ಣ ಬಾಟಲಿ ತೆಗೆದರು. ಶಿರಸಿ ಕಡೆಯ ನೆಂಟರು ಕೊಟ್ಟ ಜೇನುತುಪ್ಪ. "ಅವಳಿಗೆ ಹಾಲು ಎಲ್ಲಿ ಬಂತು? ನಾಲ್ಕು ಹನಿ. ಇದನ್ನು ನೆಕ್ಕಿಸಿದರೆ ಶುಗರ್ ಏರ್ತದಲ್ಲ?" ಪ್ರೀತಿಯಿಂದಲೇ ಕೇಳಿದ್ದು ಅವರು. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. "ಅಜ್ಜಿ, ಜೇನು ಒಂದು ವರ್ಷದ ತನಕ ಬೇಡ. ಅದರಲ್ಲಿ ಒಂದು ಥರದ ಬ್ಯಾಕ್ಟೀರಿಯಾದ ಬೀಜ ಇರಬಹುದು. ದೊಡ್ಡವರು ಅರಗಿಸಿಕೊಳ್ಳುತ್ತೇವೆ, ಕೂಸಿನ ಕರುಳಿನಲ್ಲಿ ಅದು ಬೆಳೆದರೆ ಕೈಕಾಲು ಸೋತು ಉಸಿರಾಟಕ್ಕೇ ತೊಂದರೆ. ಬೆಲ್ಲದ ನೀರೂ ಬೇಡ. ಅದರಿಂದ ಹೊಟ್ಟೆ ತುಂಬಿದರೆ ಕೂಸು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಇಳಿಯುವುದು ಹೇಗೆ?" ಅಂದೆ. ಅವರು ಬಾಟಲಿಯನ್ನು ಸೊಸೆಗೆ ಇರಲಿ ಅಂತ ಒಳಗಿಟ್ಟರು.

ನಾಲ್ಕು ಹನಿ ಅಂದರಲ್ಲ, ಮೊದಲ ದಿನ ಬರುವುದೇ ಅಷ್ಟು. ಒಂದು ಸಲಕ್ಕೆ ಒಂದೆರಡು ಚಮಚ ಸಿಕ್ಕರೆ ದೊಡ್ಡದು. ಹಾಗಾಗಿ ದಿನಕ್ಕೆ ಎಂಟು ಹತ್ತು ಸಲ ಕೊಡಬೇಕು. ಆ ಹುಡುಗಿಗೆ ಕೈಯಿಂದ ಹಿಂಡುವುದನ್ನು ತೋರಿಸಿಕೊಟ್ಟೆ. ಹಳದಿ ಬಣ್ಣದ ಅಂಟು ಹಾಲು ಒಳಲೆಯ ತಳಕ್ಕೆ ಹನಿಹನಿಯಾಗಿ ಕೂಡಿತು. ಕೂಸು ಎದೆ ಚೀಪಿದ ಮೇಲೆ ಅದನ್ನೂ ತುಟಿಗೆ ಇಟ್ಟು ನಿಧಾನ ಕುಡಿಸಿದೆವು. ಒಂದು ತಾಸಿಗೆ ನೋಡಿದರೆ 52. ಆಮೇಲೆ ಬೆಳಗಿನ ತನಕ ಕೆಳಗಿಳಿಯಲಿಲ್ಲ. ಇನ್ನೂ ಎರಡು ದಿನ ಆಗಾಗ ನೋಡುತ್ತಾರೆ.

ಇನ್ನೊಂದು ಮುಖ್ಯ ವಿಷಯ ಚಳಿ. ಹೊರಗೆ ಧೋ ಅಂತ ಮಳೆ, ಕಿಟಕಿಯಿಂದ ಥಂಡಿ ಗಾಳಿ. ನವಜಾತ ಶಿಶು ನಮ್ಮ ಹಾಗೆ ನಡುಗಿ ಮೈ ಕಾಯಿಸಿಕೊಳ್ಳುವುದಿಲ್ಲ. ಕತ್ತಿನ ಹಿಂದೆ, ಬೆನ್ನಿನ ರೆಕ್ಕೆ ಎಲುಬಿನ ನಡುವೆ ಇರುವ ಕಂದು ಕೊಬ್ಬನ್ನು ಉರಿಸುತ್ತದೆ. ಹಾಗೆ ಬೆಚ್ಚಗಾಗಲು ಹೋಗಿ ಸಕ್ಕರೆಯೂ ಖರ್ಚಾಗುತ್ತದೆ. ಅದಕ್ಕೇ ಹುಟ್ಟಿದ ದಿನವೇ ಸ್ನಾನ ಬೇಡ ಅನ್ನುವುದು, ಕನಿಷ್ಠ 24 ತಾಸು ಬಿಡಿ. ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಬಾಣಂತನದ ಸ್ನಾನ ಎಲ್ಲಿಗೂ ಓಡಿ ಹೋಗುವುದಿಲ್ಲ ಅಲ್ವಾ? ಕೂಸಿನ ತಲೆಗೆ ಟೊಪ್ಪಿ ಹಾಕಿ, ತಾಯಿಯ ಬರಿಮೈಗೆ ಆನಿಸಿ, ಮೇಲೆ ಹೊದಿಕೆ ಹೊದಿಸಿ.

ಹಾಲಿನಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕೂಸು ಬಡಬಡ ನಡುಗಿದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ಬಿಟ್ಟರೆ, ಅಳು ಸಣ್ಣಗಾದರೆ, ಉಸಿರು ನಿಂತು ನಿಂತು ಬಂದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯಬಾರದು. ಆಗ ರಕ್ತನಾಳಕ್ಕೆ ಗ್ಲೂಕೋಸ್ ದ್ರಾವಣ, ಅಂದರೆ 10 ಶೇಕಡಾ ಡೆಕ್ಸ್‌ಟ್ರೋಸ್ ಕೊಡುತ್ತಾರೆ. ಸಕ್ಕರೆ ತೀರಾ ಇಳಿದು ಹಾಗೇ ಉಳಿದರೆ ಮಿದುಳಿಗೆ ಕಾಯಂ ಪೆಟ್ಟು ಬೀಳಬಹುದು. ಕೂಸಿನ ಕೆನ್ನೆಯೊಳಗೆ ತಿಕ್ಕುವ 40 ಶೇಕಡಾ ಡೆಕ್ಸ್‌ಟ್ರೋಸ್ ಜೆಲ್ ಕೂಡ ಇದೆ. 2013ರಲ್ಲಿ ನ್ಯೂಜಿಲೆಂಡಿನ ಅಧ್ಯಯನವೊಂದು ಅದರ ಉಪಯೋಗ ತೋರಿಸಿತು. ಹಾಲಿನ ಜೊತೆ ಅದನ್ನು ಕೊಟ್ಟರೆ ಎಷ್ಟೋ ಮಕ್ಕಳನ್ನು ತಾಯಿಯಿಂದ ಬೇರೆ ಮಾಡುವುದು ತಪ್ಪುತ್ತದೆ. ಸಣ್ಣ ಊರಿನ ಹೆರಿಗೆ ವಾರ್ಡುಗಳಿಗೂ ಅದು ಬೇಕು ಅಂತ ನನ್ನ ಆಸೆ. ದೊಡ್ಡ ಆರೈಕೆ ಬೇಕಾದರೆ ಇಲ್ಲಿಂದ ಕಾರವಾರಕ್ಕೆ 70 ಕಿ.ಮೀ. ಹತ್ತಿರ ದಾರಿ, ಇಲ್ಲವೇ ಮಣಿಪಾಲ. ಹೊರಡುವ ಮೊದಲೇ ಸಕ್ಕರೆ ಸರಿಮಾಡಿ, ದಾರಿಯುದ್ದಕ್ಕೂ ಕೂಸನ್ನು ಬೆಚ್ಚಗಿಟ್ಟೇ ಒಯ್ಯಬೇಕು.

ಬಸಿರಿಯರಿಗೆ ಒಂದು ಮಾತು. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ತಾಸಿನ ಮೇಲೆ ರಕ್ತ ನೋಡುವ ಪರೀಕ್ಷೆಯನ್ನು ವಾಕರಿಕೆ ಅಂತ ತಪ್ಪಿಸಬೇಡಿ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪಥ್ಯ, ಬೇಕಿದ್ದರೆ ಔಷಧ. ನಿಮ್ಮ ಶುಗರ್ ಹಿಡಿತದಲ್ಲಿದ್ದರೆ ಕೂಸಿಗೆ ಆ ಮೊದಲ ತಾಸುಗಳು ಸುಲಭ. ಹೆರಿಗೆ ಆದ ಮೇಲೆ ಶುಗರ್ ಹೋಯಿತು ಅಂತಲೂ ಬಿಡಬೇಡಿ, ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇಂಥವರಲ್ಲಿ ಜಾಸ್ತಿ. ಆರು ವಾರಕ್ಕೆ ಮತ್ತೆ ಅದೇ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು. ಆ ತಾರೀಖನ್ನು ಹುಡುಗಿಯ 'ತಾಯಿ ಕಾರ್ಡ್' ಮೇಲೆ ಕೆಂಪು ಪೆನ್ನಿನಲ್ಲಿ ಬರೆದು, ಅವರ ಊರಿನ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ ಹೇಳಿದ್ದೇನೆ.